ನೆಲ ಡೊಂಕು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮೂವತ್ತು ವರ್ಷ ಪಾಠ ಹೇಳಿ ನಿವೃತ್ತನಾದ ನಾನು ಇದನ್ನು ಎಷ್ಟು ಹುಡುಗರ ಮೇಲೆ ಪ್ರಯೋಗಿಸಿದ್ದೇನೋ ಲೆಕ್ಕವಿಟ್ಟಿಲ್ಲ. ಗಾದೆ ವೇದಕ್ಕೆ ಸಮಾನವೆಂಬ ಧೈರ್ಯವೂ ಬೆನ್ನಿಗಿತ್ತು. ಆ ಧೈರ್ಯ ಕುಂದಿದ್ದು 2013ರಲ್ಲಿ. ಕುಂದಿಸಿದ್ದು ಯಾವ ಗ್ರಂಥವೂ ಅಲ್ಲ, ಪೆಸಿಫಿಕ್ ಮಹಾಸಾಗರದ ನಡುವಿನ ಒಂದು ಪುಟ್ಟ ದ್ವೀಪ. ಆ ಕಥೆಯನ್ನು ಈ ಹೊತ್ತು ತಮ್ಮ ಮುಂದಿಡುತ್ತೇನೆ.

ದ್ವೀಪದ ಹೆಸರು ತಾಹಿತಿ. ಫ್ರೆಂಚ್ ಪಾಲಿನೇಷಿಯಕ್ಕೆ ಸೇರಿದ್ದು. ಅಲ್ಲಿನ ಜನಸಂಖ್ಯೆ ಎರಡು ಲಕ್ಷವನ್ನೂ ಮುಟ್ಟುವುದಿಲ್ಲ. ಸ್ವತಂತ್ರ ರಾಷ್ಟ್ರವಲ್ಲದಿದ್ದರೂ ಕಾಲ್ಚೆಂಡಾಟದ ವಿಶ್ವಸಂಸ್ಥೆಯಾದ ಫಿಫಾದಲ್ಲಿ 1990ರಿಂದ ಅದಕ್ಕೆ ಸದಸ್ಯತ್ವವುಂಟು. 2012ರಲ್ಲಿ ತಾಹಿತಿಯವರು ನ್ಯೂ ಕ್ಯಾಲೆಡೋನಿಯವನ್ನು ಸೋಲಿಸಿ ಓಷಿಯಾನಿಯ ಖಂಡದ ಕಪ್ಪನ್ನು ಗೆದ್ದರು. ಆ ಗೆಲುವಿನ ಫಲವಾಗಿ ಮರುವರ್ಷದ ಜೂನ್ ತಿಂಗಳಲ್ಲಿ ಬ್ರೆಜಿಲ್‌ನಲ್ಲಿ ನಡೆದ ಕಾನ್ಫೆಡರೇಷನ್ಸ್ ಕಪ್‌ಗೆ ಹೋಗುವ ಅವಕಾಶ ಒದಗಿತು. ಖಂಡಖಂಡಗಳ ವಿಜೇತರು ಸೇರುತ್ತಿದ್ದ ಕೂಟವದು. ತಾಹಿತಿಯ ಆಟಗಾರರಲ್ಲಿ ಒಬ್ಬನನ್ನು ಬಿಟ್ಟರೆ ಉಳಿದವರಾರೂ ಆಟದಿಂದ ಅನ್ನ ಸಂಪಾದಿಸುವವರಲ್ಲ. ಹಗಲು ದುಡಿದು ಸಂಜೆ ಚೆಂಡು ಒದೆಯುವವರು.

ಮೊದಲ ಪಂದ್ಯ ಬೆಲೊ ಹೊರಿಜಾಂಟೆಯಲ್ಲಿ, ನೈಜೀರಿಯದ ಮೇಲೆ. 6–1ರ ಸೋಲು. ಆ ಒಂದು ಗೋಲನ್ನು ಜೊನಾಥನ್ ತೆಹೌ ಎಂಬಾತ ತಲೆಯಿಂದ ಹೊಡೆದ. ಒಡನೆಯೇ ತಾಹಿತಿಯ ಆಟಗಾರರು ಹುಲ್ಲಿನ ಮೇಲೆ ಸಾಲಾಗಿ ಕುಳಿತು ದೋಣಿಗೆ ಹುಟ್ಟು ಹಾಕುವಂತೆ ಕೈಯಾಡಿಸಿದರು. ಸಾಗರದ ಮಕ್ಕಳ ಸಂಭ್ರಮಕ್ಕೆ ಬೇರೆ ಭಾಷೆ ಯಾವುದಿದ್ದೀತು? ವಿಧಿಯ ವಿನೋದವನ್ನು ನೋಡಿ: ಅದೇ ತೆಹೌ ಮುಂದೆ ಅದೇ ಪಂದ್ಯದಲ್ಲಿ ಚೆಂಡನ್ನು ತನ್ನವರದೇ ಗೋಲಿನೊಳಕ್ಕೂ ಸೇರಿಸಿದ.

ಎರಡನೆಯ ಪಂದ್ಯ ಸ್ಪೇನ್ ವಿರುದ್ಧ, ರಿಯೊ ನಗರದ ಮರಕಾನಾ ಕ್ರೀಡಾಂಗಣದಲ್ಲಿ. ಸ್ಪೇನ್ ಆಗ ವಿಶ್ವಕಪ್ಪಿನ ಒಡೆಯ, ಯೂರೋಪಿನ ಒಡೆಯ. ನಮ್ಮಲ್ಲಿ ಅದು ನಡುರಾತ್ರಿ ದಾಟಿದ ಹೊತ್ತು. ನಿದ್ದೆಗೆಟ್ಟು ಟೆಲಿವಿಷನ್ನಿನ ಮುಂದೆ ಕುಳಿತಿದ್ದೆ. ಅರ್ಧ ಆಟ ಮುಗಿಯುವಷ್ಟರಲ್ಲಿ 4–0. ಕೈಲಾಗದವರು ಏಕೆ ಇಂಥಲ್ಲಿಗೆ ಬರಬೇಕು ಎಂದುಕೊಂಡೆ. ಗಾದೆ ನಾಲಿಗೆಯ ತುದಿಗೆ ಬಂತು. ಟೆಲಿವಿಷನ್ ಆರಿಸಿ ಮಲಗಿದೆ.

ಕೊನೆಗೆ 10–0 ಆಯಿತು. ಆದರೆ ನಾನು ನೋಡದೆ ಕಳೆದುಕೊಂಡದ್ದೇನೆಂಬುದು ಮರುದಿನ ತಿಳಿಯಿತು. ಉತ್ತರಾರ್ಧದಲ್ಲಿ ಸ್ಪೇನಿಗೆ ಒಂದು ಪೆನಾಲ್ಟಿ ದೊರೆತಿತ್ತು. ಆ ರಾತ್ರಿ ನಾಲ್ಕು ಗೋಲು ಹೊಡೆದ ಟೊರೆಸ್ ಒದ್ದ ಚೆಂಡು ಅಡ್ಡಪಟ್ಟಿಗೆ ಬಡಿದು ಹಿಂದಿರುಗಿತು. ತಾಹಿತಿಯ ಗೋಲ್‌ಕೀಪರ್ ಕಪ್ಪನ್ನೇ ಗೆದ್ದವನಂತೆ ಕುಣಿದ; ಬ್ರೆಜಿಲ್‌ನ ಪ್ರೇಕ್ಷಕರೂ ಅವನೊಡನೆ ಹರ್ಷೋದ್ಗಾರ ಮಾಡಿದರು. ಸೋಲುತ್ತಿರುವವರ ಜೊತೆಗೆ ಕೊನೆಯವರೆಗೂ ಕುಳಿತವರಿಗೆ ಮಾತ್ರ ಕಾಣುವ ದೃಶ್ಯವದು. ನನಗೆ ಅದು ದಕ್ಕಲಿಲ್ಲ.

ಮೂರನೆಯ ಪಂದ್ಯದಲ್ಲಿ ಉರುಗ್ವೆಗೆ 8–0. ಮೂರು ಪಂದ್ಯಗಳಲ್ಲಿ ಬಿಟ್ಟುಕೊಟ್ಟ ಗೋಲು ಇಪ್ಪತ್ತನಾಲ್ಕು, ಹೊಡೆದದ್ದು ಒಂದು. ಹೊರಡುವ ಮುನ್ನ ಆ ಆಟಗಾರರು ತಮ್ಮನ್ನು ಹುರಿದುಂಬಿಸಿದ ಬ್ರೆಜಿಲ್‌ಗೆ ಧನ್ಯವಾದವೆಂದು ಬರೆದ ಬಟ್ಟೆಯನ್ನು ಹಿಡಿದು ನಿಂತರು. ನೆಲ ಡೊಂಕೆಂಬ ಸೊಲ್ಲು ಅಲ್ಲಿರಲಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನಿದನ್ನು ಮರೆತೇಬಿಡುತ್ತಿದ್ದೆ. ಆದರೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ ತಾಹಿತಿಯ ರಾಜಧಾನಿ ಪಪೀಟೆಯಲ್ಲಿ ಮತ್ತೊಂದು ವಿಶ್ವಕಪ್ ನಡೆಯಿತು. ಅದು ಹುಲ್ಲಿನ ಮೇಲಿನದಲ್ಲ, ಮರಳಿನ ಮೇಲಿನದು. ಬೀಚ್ ಸಾಕರ್ ಎಂದು ಕರೆಯುವ ಆಟದ್ದು.

ಈ ಆಟದ ಪರಿಚಯವನ್ನು ಎರಡು ಮಾತಿನಲ್ಲಿ ಹೇಳಬೇಕು. ರಿಯೊದ ಕಡಲ ದಡದಲ್ಲಿ ಹುಡುಗರು ಬಹುಕಾಲದಿಂದ ಆಡಿಕೊಂಡು ಬಂದದ್ದಕ್ಕೆ 1992ರಲ್ಲಿ ನಿಯಮಗಳ ಕಟ್ಟು ಬಿದ್ದಿತು. 1995ರಲ್ಲಿ ಕೋಪಕಬಾನಾ ದಡದಲ್ಲಿ ಮೊದಲ ವಿಶ್ವ ಸ್ಪರ್ಧೆ ನಡೆಯಿತು. 2005ರಿಂದ ಫಿಫಾ ಅದನ್ನು ವಿಶ್ವಕಪ್ಪಾಗಿ ನಡೆಸತೊಡಗಿತು. ಒಂದೊಂದು ಪಕ್ಷಕ್ಕೆ ಐವರು, ಕಾಲಿಗೆ ಪಾದರಕ್ಷೆಯಿಲ್ಲ. ಹನ್ನೆರಡು ನಿಮಿಷಗಳ ಮೂರು ಅವಧಿ. ಅಂಗಳದ ಉದ್ದ ಮೂವತ್ತೈದರಿಂದ ಮೂವತ್ತೇಳು ಮೀಟರು, ಅಗಲ ಇಪ್ಪತ್ತಾರರಿಂದ ಇಪ್ಪತ್ತೆಂಟು. ಸಮ ಸಮ ಎಂದು ಕೈಕುಲುಕಿ ಹೋಗುವಂತಿಲ್ಲ. ಹೆಚ್ಚುವರಿ ಮೂರು ನಿಮಿಷವಾಡಿ, ಆಗಲೂ ತೀರದಿದ್ದರೆ ಪೆನಾಲ್ಟಿಗಳಿಂದ ತೀರ್ಮಾನವಾಗಲೇಬೇಕು. ನನಗೆ ಬಲು ಹಿಡಿಸಿದ್ದು ಇನ್ನೊಂದು ನಿಯಮ. ಎದುರಾಳಿ ತಪ್ಪು ಮಾಡಿ ಒಬ್ಬನನ್ನು ಕೆಡವಿದರೆ, ಆಗ ಬಿದ್ದವನೇ ಎದ್ದು ಫ್ರೀಕಿಕ್ ಒದೆಯಬೇಕಿತ್ತು. ಅವನೆದುರು ಯಾರೂ ಗೋಡೆಯಾಗಿ ನಿಲ್ಲುವಂತಿರಲಿಲ್ಲ. ಪೆಟ್ಟು ತಿಂದವನಿಗೇ ಪರಿಹಾರ, ಅದೂ ನೇರವಾಗಿ. ಲೋಕದ ನ್ಯಾಯಸ್ಥಾನಗಳಲ್ಲಿ ಇದು ಅಪರೂಪವಲ್ಲವೇ?

ಇಷ್ಟಾಗಿ, ಈ ಆಟದ ಜೀವವಿರುವುದು ನೆಲದಲ್ಲಿ. ಹುಲ್ಲಿನ ಅಂಗಳವೆಂದರೆ ಕೋಟ್ಯಂತರ ಹಣದ, ಹಲವು ಕೈಗಳ ಆರೈಕೆಯ ಸೃಷ್ಟಿ. ಅದರ ಮೇಲೆ ಚೆಂಡು ಗೆರೆ ಎಳೆದಂತೆ ಉರುಳುತ್ತದೆ. ಎಳೆಯ ವಯಸ್ಸಿನಿಂದ ಅಂಥ ನೆಲದ ಮೇಲೆ ಬೆಳೆದವನಿಗೆ ಅದು ಒಲಿಯುತ್ತದೆ. ಮರಳು ಯಾರಿಗೂ ಒಲಿಯದು. ಚೆಂಡು ಹತ್ತು ಗಜ ಉರುಳುವಷ್ಟರಲ್ಲಿ ಮೂರು ಕಡೆ ಪುಟಿಯುತ್ತದೆ, ಒಂದು ಕಡೆ ಹೂತು ನಿಲ್ಲುತ್ತದೆ. ಓಡಿದ ಕಾಲು ಕಣಕಾಲಿನವರೆಗೆ ಕುಸಿಯುತ್ತದೆ. ಆದುದರಿಂದ ಬಲ್ಲವರು ಚೆಂಡನ್ನು ನೆಲಕ್ಕೆ ಬಿಡದೆ ಗಾಳಿಯಲ್ಲೇ ಆಡಿಸುತ್ತಾರೆ. ಬೆನ್ನು ನೆಲದ ಕಡೆಗೆ ಮಾಡಿ ಹಾರಿ, ತಲೆಯ ಮೇಲಿಂದ ಒದೆಯುತ್ತಾರೆ. ಗಾದೆಯಲ್ಲಿ ಹೇಳಿದ ಡೊಂಕು ನೆಲ ಇಲ್ಲಿ ನಿಜವಾಗಿಯೂ ಉಂಟು. ಆದರೆ ಅದು ಎಲ್ಲರಿಗೂ ಒಂದೇ ಸಮನಾಗಿ ಡೊಂಕು.

ಪಪೀಟೆಗೆ ಹದಿನಾರು ತಂಡಗಳು ಬಂದವು. ತಾಹಿತಿಯವರದು ಜೂನ್ ತಿಂಗಳ ತಂಡವಲ್ಲ, ಮರಳಿಗೆಂದೇ ಪಳಗಿದ ಬೇರೆ ತಂಡ. ಆದರೆ ದ್ವೀಪ ಅದೇ, ಜನ ಅದೇ. ಸ್ವಿಟ್ಜರ್ಲೆಂಡಿನ ಆಂಜೆಲೊ ಸ್ಕಿರಿಂಜಿ ಎಂಬಾತ ಅವರನ್ನು ತರಬೇತುಗೊಳಿಸಿದ್ದ. ಕ್ವಾರ್ಟರ್ ಫೈನಲಿನಲ್ಲಿ ಅವರೆದುರು ಅರ್ಜೆಂಟೀನ. ಕಾಲ್ಚೆಂಡಾಟದಲ್ಲಿ ಆ ಹೆಸರಿನ ತೂಕವನ್ನು ನಾನು ಹೇಳಬೇಕಾದುದಿಲ್ಲ. ತಾಹಿತಿ 6–1ರಿಂದ ಗೆದ್ದಿತು. ಹುಲ್ಲಿನ ಮೇಲೆ ನೈಜೀರಿಯದಿಂದ ಪಡೆದ ಅಂಕಿಯನ್ನೇ ಮರಳಿನ ಮೇಲೆ ಅರ್ಜೆಂಟೀನಕ್ಕೆ ಕೊಟ್ಟಿತು. ಉಪಾಂತ್ಯದಲ್ಲಿ ರಷ್ಯಕ್ಕೆ 5–3ರಿಂದ ಸೋತಿತು. ಆ ರಷ್ಯವೇ ಮುಂದೆ ಸ್ಪೇನನ್ನು 5–1ರಿಂದ ಮಣಿಸಿ ಕಪ್ಪನ್ನೆತ್ತಿತು. ಮೂರನೆಯ ಸ್ಥಾನಕ್ಕಾಗಿ ಬ್ರೆಜಿಲ್ ವಿರುದ್ಧ ನಡೆದ ಪಂದ್ಯ 7–7ರಲ್ಲಿ ನಿಂತು, ಪೆನಾಲ್ಟಿಯಲ್ಲಿ ಮಾತ್ರ ಕೈತಪ್ಪಿತು. ಈ ಆಟ ಹುಟ್ಟಿದ ನಾಡಿನವರೊಡನೆ ಏಳಕ್ಕೆ ಏಳು!

ಇದನ್ನು ಗೆಳೆಯರೊಬ್ಬರಿಗೆ ಹೇಳಿದಾಗ ಅವರು ನಕ್ಕರು. ತನ್ನ ಮನೆಯ ಅಂಗಳದಲ್ಲಿ ಬೆಕ್ಕೂ ಹುಲಿಯೇ ಎಂದರು. ತಕ್ಕ ಆಕ್ಷೇಪವೇ. ಅದಕ್ಕೆ ಉತ್ತರ ಕೊಡಲು ನಾನು ಎರಡು ವರ್ಷ ಕಾಯಬೇಕಾಯಿತು. 2015ರ ವಿಶ್ವಕಪ್ ನಡೆದದ್ದು ಪೋರ್ಚುಗಲ್ಲಿನ ಎಸ್ಪಿನ್ಯೊ ಎಂಬ ಕಡಲೂರಿನಲ್ಲಿ. ಅಲ್ಲಿ ತಾಹಿತಿ ಇಟಲಿಯೊಡನೆ 6–6 ಆಡಿ ಪೆನಾಲ್ಟಿಯಲ್ಲಿ ಗೆದ್ದು ಅಂತಿಮ ಪಂದ್ಯ ಮುಟ್ಟಿತು. ಪೋರ್ಚುಗಲ್ಲಿಗೆ ಅವರದೇ ನೆಲದಲ್ಲಿ 5–3ರಿಂದ ಸೋತಿತು. ಕೂಟದ ಶ್ರೇಷ್ಠ ಆಟಗಾರನ ಪ್ರಶಸ್ತಿ ತಾಹಿತಿಯ ಹೈಮಾನು ತಯ್ಯಾರುಯಿಗೆ ಸಂದಿತು. 2017ರಲ್ಲಿ ಬಹಾಮಾಸ್‌ನಲ್ಲಿ ಮತ್ತೆ ಅಂತಿಮ ಪಂದ್ಯ. ಈ ಸಲ ಬ್ರೆಜಿಲ್ 6–0ರಿಂದ ಗೆದ್ದಿತು. ಇದನ್ನು ಮುಚ್ಚಿಡಲಾರೆ. ಮರಳು ಸಮಾನತೆಯನ್ನು ಕೊಡುತ್ತದೆಯೇ ಹೊರತು ದಯೆಯನ್ನಲ್ಲ. ಆಡಲು ಬಾರದವನನ್ನು ಅದೂ ಗೆಲ್ಲಿಸುವುದಿಲ್ಲ. ಗಾದೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ನೆಲವನ್ನು ಕಣ್ಣೆತ್ತಿಯೂ ನೋಡದೆ ಗಾದೆ ಹೇಳುವವನ ಮಾತು ಅರ್ಧ ಸತ್ಯ.

ಇಷ್ಟನ್ನೆಲ್ಲ ಹೇಳಿದ್ದಕ್ಕೆ ಕಾರಣವೊಂದಿದೆ. ನನ್ನ ತರಗತಿಯಲ್ಲಿ ಹಳ್ಳಿಯಿಂದ ನಡೆದು ಬರುತ್ತಿದ್ದ ಹುಡುಗನೊಬ್ಬನಿದ್ದ. ಭಾಷಣ ಸ್ಪರ್ಧೆಗೆ ಅವನನ್ನು ವೇದಿಕೆಯ ಮೇಲೆ ನಿಲ್ಲಿಸಿದೆ. ಎರಡು ವಾಕ್ಯ ಹೇಳಿ ನಿಂತುಬಿಟ್ಟ. ಆಮೇಲೆ, “ಸಾರ್, ಆ ಹಲಗೆ ಮೇಲೆ ನಿಂತರೆ ನನಗೆ ಮಾತೇ ಹೊರಡೋದಿಲ್ಲ” ಎಂದ. ನಾನು ಗಾದೆ ಹೇಳಿದೆ. ತರಗತಿ ನಕ್ಕಿತು. ಅವನೂ ನಕ್ಕ. ಮತ್ತೆ ಆ ಶಾಲೆಯಲ್ಲಿ ಅವನು ಯಾವ ವೇದಿಕೆಯನ್ನೂ ಹತ್ತಲಿಲ್ಲ.

ಆದರೆ ಅದೇ ಹುಡುಗ ಮಧ್ಯಾಹ್ನದ ಬಿಡುವಿನಲ್ಲಿ ಬೇವಿನ ಮರದ ಕೆಳಗೆ ಹತ್ತು ಮಂದಿ ಹುಡುಗರನ್ನು ಕೂರಿಸಿಕೊಂಡು, ರಾತ್ರಿ ನೋಡಿದ ಬಯಲಾಟವನ್ನು ಕೈಬೀಸಿ ಕೈಬೀಸಿ ಬಣ್ಣಿಸುತ್ತಿದ್ದ. ಉಣ್ಣುವುದನ್ನು ಮರೆತು ಅವರು ಕೇಳುತ್ತಿದ್ದರು. ಕಿಟಕಿಯಿಂದ ನಾನು ಅದನ್ನು ಒಂದು ಸಲವಲ್ಲ, ಹಲವು ಸಲ ನೋಡಿದ್ದೆ. ಗಂಟೆಯಾಯಿತು, ಒಳಗೆ ನಡೆಯಿರಿ ಎಂದಷ್ಟೇ ಕೂಗಿದ್ದೆ. ಸ್ಪರ್ಧೆಯನ್ನು ಒಂದು ದಿನ ಆ ಮರದ ಕೆಳಗೆ ಏರ್ಪಡಿಸಬಹುದಾಗಿತ್ತೆಂಬುದು ನನಗೆ ಹೊಳೆಯಲಿಲ್ಲ. ಖರ್ಚೂ ಇರಲಿಲ್ಲ, ಅಪ್ಪಣೆಯೂ ಬೇಕಿರಲಿಲ್ಲ.

ಅವನೀಗ ಎಲ್ಲಿದ್ದಾನೋ ನಾನರಿಯೆ. ಈ ಭಾಷಣವನ್ನು ಅವನು ಕೇಳುತ್ತಿದ್ದರೆ ಒಂದು ಮಾತು ಹೇಳಬೇಕಾಗಿದೆ: ಆ ದಿನ ನೆಲ ಕೊಂಚ ಡೊಂಕಾಗಿಯೇ ಇತ್ತಪ್ಪ. ನಾನು ನೋಡಲಿಲ್ಲ.