ಹಳಿ ಕಾಯುವವರ ಕೆಲಸ

(ಪಾಪಿನಾಯಕನಹಳ್ಳಿಯಲ್ಲಿ ನಡೆದ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟ್ ಪರವಾಗಿ ಮಾಡಿದ ಭಾಷಣ)

 

ನಮ್ಮೂರಿನ ಸ್ಟೇಷನ್ ಹೊಸಪೇಟೆ–ಬಳ್ಳಾರಿ ಮಾರ್ಗದಲ್ಲಿದೆ. ಅದಿರಿನ ಗೂಡ್ಸ್ ಗಾಡಿಗಳನ್ನು ನೋಡುತ್ತಲೇ ಬೆಳೆದವರು ನಾವು. ಆದರೆ ಆ ಹಳಿಯನ್ನು ಕಾಯುವ ಕೆಲಸಕ್ಕೆ ಹೇಗೆ ಸೇರುವುದೆಂದು ನಮ್ಮ ಮನೆಗಳಲ್ಲಿ ಕೇಳುವವರು ಕಡಿಮೆ. ಒಬ್ಬ ತಾಯಿ ನಮ್ಮನ್ನು ಕೇಳಿದ್ದರು: "ಓದಿಸಿದ್ದು ಜಲ್ಲಿ ಹೊರಲಿಕ್ಕಾ?" ಅವರಿಗೆ ಅಂದು ಸರಿಯಾದ ಉತ್ತರ ಕೊಡಲು ನಮಗಾಗಲಿಲ್ಲ. ಇಂದು ಕೊಡುತ್ತೇವೆ.

ಕೀಮ್ಯಾನ್ ತನ್ನ ಪಾಲಿನ ಹಳಿಯುದ್ದಕ್ಕೂ ದಿನವೂ ನಡೆಯುತ್ತಾನೆ. ಸಡಿಲಾದ ಕ್ಲಿಪ್ಪನ್ನು ಸುತ್ತಿಗೆಯಿಂದ ಬಿಗಿ ಮಾಡುತ್ತಾನೆ, ಬಿರುಕು ಹುಡುಕುತ್ತಾನೆ. ನಮ್ಮ ಬಳ್ಳಾರಿ ಸೀಮೆಯ ಬಿಸಿಲಿಗೆ ಹಳಿ ಹಿಗ್ಗಿ ಡೊಂಕಾಗಬಹುದು. ಚಳಿಗೆ ಕುಗ್ಗಿ ಮುರಿಯಬಹುದು. ಮಳೆಗೆ ಕೆಳಗಿನ ಮಣ್ಣು ಕೊಚ್ಚಿಹೋಗಬಹುದು. ಅದಕ್ಕೇ ಗಸ್ತು. ಯಾರ್ಡಿನಲ್ಲಿ ಪಾಯಿಂಟ್ಸ್‌ಮನ್ ವ್ಯಾಗನ್ ಜೋಡಿಸುತ್ತಾನೆ, ಬಿಡಿಸುತ್ತಾನೆ. ಕೆಲಸ ಕಷ್ಟದ್ದು, ಅಪಾಯದ್ದೂ ಹೌದು. ಒಂದು ಕ್ಷಣ ಮೈಮರೆತರೆ ಜೀವಕ್ಕೇ ಕುತ್ತು. ಇದನ್ನು ಮುಚ್ಚಿಟ್ಟು ಮಕ್ಕಳನ್ನು ಕಳಿಸಬಾರದು. ಆದರೆ ಸಾವಿರಾರು ಪ್ರಯಾಣಿಕರು ನಿಶ್ಚಿಂತೆಯಿಂದ ನಿದ್ರಿಸುವುದು ಈ ಕೈಗಳನ್ನು ನಂಬಿ. ಇದಕ್ಕಿಂತ ಮರ್ಯಾದೆಯ ಹಲಾಲ್ ದುಡಿಮೆ ಯಾವುದು?

ಹಿಂದೆ 'ಗ್ರೂಪ್ ಡಿ' ಎನ್ನುತ್ತಿದ್ದ ಈ ಹುದ್ದೆಗಳು ಈಗ ಲೆವೆಲ್ 1. ಏಳನೇ ವೇತನ ಆಯೋಗದಂತೆ ಆರಂಭದ ಮೂಲ ವೇತನ 18,000 ರೂಪಾಯಿ; ಭತ್ಯೆಗಳು ಬೇರೆ. ಕಂಪ್ಯೂಟರ್ ಪರೀಕ್ಷೆಯಲ್ಲಿ 90 ನಿಮಿಷಕ್ಕೆ 100 ಪ್ರಶ್ನೆ. ಕನ್ನಡದಲ್ಲೂ ಉರ್ದುವಿನಲ್ಲೂ ಬರೆಯಬಹುದು. ಆಮೇಲೆ ದೈಹಿಕ ಪರೀಕ್ಷೆ. ಹುಡುಗರು 35 ಕಿಲೋ ಹೊರೆಯನ್ನು ಕೆಳಗಿಡದೆ 2 ನಿಮಿಷದಲ್ಲಿ 100 ಮೀಟರ್ ಒಯ್ಯಬೇಕು, 1000 ಮೀಟರನ್ನು 4 ನಿಮಿಷ 15 ಸೆಕೆಂಡಿನಲ್ಲಿ ಓಡಬೇಕು. ಹುಡುಗಿಯರಿಗೆ ಹೊರೆ 20 ಕಿಲೋ, ಓಟಕ್ಕೆ 5 ನಿಮಿಷ 40 ಸೆಕೆಂಡು. ಸಂದರ್ಶನವಿಲ್ಲ. ಆದ್ದರಿಂದ "ಕೆಲಸ ಕೊಡಿಸುತ್ತೇನೆ" ಎಂದು ದುಡ್ಡು ಕೇಳುವವನು ಮೋಸಗಾರ. ಮನೆಯ ಒಡವೆ ಮಾರಿ ಅವನ ಕೈಗಿಡಬೇಡಿ.

ಇನ್ನೊಂದು ಮಾತು. ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು: ಒಂದರಲ್ಲಿ ಖಾಜಾ, ಇನ್ನೊಂದರಲ್ಲಿ ಖ್ವಾಜಾ. ನಮ್ಮ ಬಳಿ ಬರುವ ಅರ್ಜಿಗಳಲ್ಲೇ ಇದನ್ನು ಮತ್ತೆ ಮತ್ತೆ ಕಾಣುತ್ತೇವೆ. ಓಡಿ ಗೆದ್ದವನು ದಾಖಲೆ ಪರಿಶೀಲನೆಯಲ್ಲಿ ಎಡವಬಾರದು. ಈ ತಿಂಗಳೇ ಸರಿಪಡಿಸಿಕೊಳ್ಳಿ.

ಸೇರಿದಲ್ಲೇ ನಿಲ್ಲಬೇಕಾಗಿಯೂ ಇಲ್ಲ. ಇಲಾಖಾ ಪರೀಕ್ಷೆಗಳಿವೆ. ಸಿವಿಲ್ ಡಿಪ್ಲೊಮಾ ಮುಗಿಸಿದವರು ಹಳಿ ವಿಭಾಗದ ಜೂನಿಯರ್ ಇಂಜಿನಿಯರ್ ಹುದ್ದೆಗೆ ನೇರವಾಗಿ ಸ್ಪರ್ಧಿಸಬಹುದು. ಅಲ್ಲಿ ಮೂಲ ವೇತನ 35,400.

ದಾನಿಗಳೇ, ವೈದ್ಯಕೀಯ ಸೀಟಿಗೆ ನಾವು ಚಪ್ಪಾಳೆ ತಟ್ಟಿದಷ್ಟು ಐಟಿಐಗೆ ತಟ್ಟಲಿಲ್ಲ. ಆ ತಪ್ಪು ನಮ್ಮದು. ನಿಮ್ಮ ಹಣ ಅಂಥ ಮಕ್ಕಳ ಶುಲ್ಕಕ್ಕೆ, ಪರೀಕ್ಷೆಯ ಪುಸ್ತಕಕ್ಕೆ, ಒಂದು ಜೊತೆ ಓಟದ ಬೂಟಿಗೂ ಸಲ್ಲಲಿ.

ಮಕ್ಕಳೇ, ಅರ್ಜಿಯಲ್ಲಿ 'ಐಟಿಐ' ಎಂದು ಬರೆಯಲು ನಾಚಬೇಡಿ. ಆ ತಾಯಿಗೆ ನಮ್ಮ ಉತ್ತರವೂ ಇದೇ: ಓದಿಸಿದ್ದು ವ್ಯರ್ಥವಾಗಿಲ್ಲಮ್ಮ. ಈ ಕೆಲಸಕ್ಕೂ ಓದು ಬೇಕು.

ಅಲ್ಲಾಹನು ಎಲ್ಲರ ದುಡಿಮೆಯಲ್ಲಿ ಬರಕತ್ ನೀಡಲಿ.