ನೆರೆಯಿಲ್ಲದ ಮರ



ಹೈದರಾಬಾದಿನಲ್ಲಿ ನೆಗಡಿ ಹೊಕ್ಕ ಮನೆಯನ್ನು ಹೊಸ್ತಿಲಲ್ಲಿ ನಿಂತೇ ಹೇಳಿಬಿಡಬಹುದು. ಕುದಿಯುವ ನೀರಿಗೆ ಬಿದ್ದ ಎರಡು ಹನಿ ತೈಲದ ತೀಕ್ಷ್ಣವಾದ ಪರಿಮಳ ಬೀದಿಯವರೆಗೂ ಹಬ್ಬಿರುತ್ತದೆ. ಕಾಚಿಗುಡದ ನಮ್ಮ ವಠಾರದಲ್ಲಿ ಕನ್ನಡಿಗರಾದ ನಾವು ಅದನ್ನು ನೀಲಗಿರಿ ಎಣ್ಣೆಯೆನ್ನುತ್ತೇವೆ. ಗೋಡೆಯಾಚೆಯ ದಖನಿ ಮಾತಿನ ಅಜ್ಜಿಗೆ ಅದು ನೀಲಗಿರಿ ಕಾ ತೇಲ್. ಊರಹೊರಗಿನಿಂದ ಹಾಲು ತರುವ ತೆಲುಗು ಗೃಹಸ್ಥರು ಅದರ ಮರವನ್ನು ಜಾಮಾಯಿಲ್ ಎಂದು ಕರೆಯುತ್ತಾರೆ. ಮೂರು ಭಾಷೆಯವರೂ ಹೀಗೆ ತಮ್ಮದಾಗಿಸಿಕೊಂಡಿರತಕ್ಕ ಈ ಮರ ಸಮುದ್ರದಾಚೆಯದು ಎಂಬ ಸಂಗತಿಯು ನನ್ನನ್ನು ಬಾಲ್ಯದಿಂದಲೂ ವಿಸ್ಮಯಗೊಳಿಸಿದೆ. ಆ ವಿಸ್ಮಯದಲ್ಲಿ ಈಚಿನ ವರ್ಷಗಳಲ್ಲಿ ಒಂದು ವ್ಯಥೆಯೂ ಬೆರೆತಿದೆ. ಎರಡನ್ನೂ ಈ ಹೊತ್ತು ತಮ್ಮ ಮುಂದಿಡುತ್ತೇನೆ.

ಮೊದಲು ಒಂದು ಮೊಗ್ಗನ್ನು ಅಂಗೈಯಲ್ಲಿಟ್ಟು ನೋಡೋಣ. ಕುಂಕುಮದ ಭರಣಿಗೆ ಮುಚ್ಚಳವಿರುವಂತೆ ಇದರ ತುದಿಗೊಂದು ಪುಟ್ಟ ಟೋಪಿ. ಅರಳುವ ಮುಹೂರ್ತ ಬಂದಾಗ ಒಳಗಿನ ಕೇಸರಗಳು ಹಿಗ್ಗಿ ಆ ಮುಚ್ಚಳವನ್ನು ನೂಕಿಬಿಡುತ್ತವೆ. ಎಸಳೆಂಬುದು ಹೊರಗೆ ಕಾಣುವುದಿಲ್ಲ. ನೂಲಿನಂಥ ಕೇಸರಗಳ ಕುಚ್ಚೇ ಹೂವಾಗಿ ನಿಲ್ಲುತ್ತದೆ. ಟ್ಯಾಸ್ಮೇನಿಯಾ ದ್ವೀಪದ ಬಳಿ ಕ್ಯಾಪ್ಟನ್ ಕುಕ್ಕನ ಮೂರನೆಯ ಯಾತ್ರೆಯಲ್ಲಿ, 1777ರಲ್ಲಿ, ಕಿತ್ತು ತಂದ ರೆಂಬೆಯೊಂದನ್ನು ಪರಿಶೀಲಿಸಿದ ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಲೆರಿತಿಯೇ, ಈ ಮುಚ್ಚಳಕ್ಕೆ ಮನಸೋತು, 1788ರಲ್ಲಿ ‘ಚೆನ್ನಾಗಿ ಮುಚ್ಚಿದುದು’ ಎಂಬ ಅರ್ಥದ ಗ್ರೀಕ್ ಪದಗಳಿಂದ ಯೂಕಲಿಪ್ಟಸ್ ಎಂದು ನಾಮಕರಣ ಮಾಡಿದನು. ಈ ಕುಲದಲ್ಲಿ ಇಂದು ಏಳುನೂರಕ್ಕೂ ಮಿಕ್ಕ ಪ್ರಭೇದಗಳಿವೆ. ಅವುಗಳಲ್ಲಿ ಬಹುಪಾಲಿನ ತವರು ಆಸ್ಟ್ರೇಲಿಯಾ.

ಹೆಸರಿಟ್ಟು ಎರಡು ವರ್ಷವಾಗುವಷ್ಟರಲ್ಲಿಯೇ, ಅಂದರೆ 1790ರ ಸುಮಾರಿಗೆ, ಈ ಕುಲದ ಬೀಜಗಳು ನಮ್ಮ ನಂದಿಬೆಟ್ಟವನ್ನೇರಿದವೆಂದರೆ ನಂಬುವುದು ಕಷ್ಟ. ಫ್ರಾನ್ಸಿನ ದೊರೆಯ ಬಳಿಗೆ ರಾಯಭಾರಿಗಳನ್ನು ಕಳುಹಿಸಿದಾಗಲೂ ಬೀಜಗಳನ್ನೂ ತೋಟಗಾರರನ್ನೂ ಬೇಡಿದ ಟಿಪ್ಪು ಸುಲ್ತಾನನು, ನಂದಿಯ ತನ್ನ ಅರಮನೆಯ ತೋಟದಲ್ಲಿ ಹದಿನಾರು ಪ್ರಭೇದಗಳನ್ನು ನೆಡಿಸಿದನೆಂದು ಅರಣ್ಯಶಾಸ್ತ್ರದ ಗ್ರಂಥಗಳು ಹೇಳುತ್ತವೆ. ಒಂದೇ ತೋಟದಲ್ಲಿ, ಒಂದರ ನೆರಳು ಇನ್ನೊಂದರ ಮೇಲೆ ಬೀಳುವಷ್ಟು ಸಮೀಪದಲ್ಲಿ, ತವರಿನಲ್ಲಿ ಎಂದೂ ಪರಸ್ಪರ ಮುಖ ಕಾಣದಿದ್ದ ಮರಗಳು ನೆರೆಹೊರೆಯವಾದವು, ಹೂಬಿಟ್ಟವು, ಜೇನ್ನೊಣಗಳು ಒಂದರ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸಿದವು. ಆ ಬೆರಕೆಯ ಸಂತಾನವೇ, ನಾಡಿಗೆ ಹೆಸರಾದ ‘ಮೈಸೂರು ಗಮ್’. ಹುಡುಗನಾಗಿದ್ದಾಗ ತಂದೆಯವರೊಡನೆ ನಂದಿಯ ಮೆಟ್ಟಿಲುಗಳನ್ನೇರಿ, ಮಂಜಿನೊಳಗೆ ನಿಂತಿದ್ದ ಆ ಬಿಳಿಯ ಬೋಳುಕಾಂಡವನ್ನು ಕೆನ್ನೆಗೊತ್ತಿ ಅದರ ತಂಪನ್ನು ಅನುಭವಿಸಿದ ಬೆಳಗು ನನಗೆ ಇನ್ನೂ ಮಾಸಿಲ್ಲ.

ನಡುವಣ ಕಥೆಯನ್ನು ಬೇಗನೆ ದಾಟೋಣ. 1843ರಲ್ಲಿ ನೀಲಗಿರಿ ಬೆಟ್ಟಗಳಲ್ಲಿ ಆಂಗ್ಲರು ಸೌದೆಗಾಗಿ ಈ ಕುಲದ ಇನ್ನೊಂದು ಪ್ರಭೇದವನ್ನು ನೆಟ್ಟರು. ಮರಕ್ಕೆ ಬೆಟ್ಟದ ಹೆಸರೇ ನಿಂತಿತು. ಸ್ವಾತಂತ್ರ್ಯಾನಂತರ ಮೈಸೂರು ಗಮ್ ಕೋಲಾರದ ಬಯಲಿನಿಂದ ಉತ್ತರ ಭಾರತದವರೆಗೂ ಹಬ್ಬಿತು. ಅಂತರ್ಜಲವನ್ನು ಹೀರುವುದೆಂಬ ದೂರು ಬಲವಾಗಿ, 2017ರಲ್ಲಿ ಕರ್ನಾಟಕ ಸರ್ಕಾರ ನೀಲಗಿರಿ ನೆಡುವುದನ್ನೇ ನಿಷೇಧಿಸಿತು. ಇತ್ತ ತೆಲಂಗಾಣದಲ್ಲಿ, ಭದ್ರಾಚಲದ ಬಳಿಯ ಸಾರಪಾಕದ ಕಾಗದ ಕಾರ್ಖಾನೆಯವರು 1989ರಿಂದ ಮತ್ತೊಂದು ಮಾರ್ಗವನ್ನು ಹಿಡಿದರು: ಉತ್ತಮವಾದ ಒಂದು ಮರವನ್ನಾರಿಸಿ, ಅದರ ಎಳೆಯ ಕುಡಿಗಳಿಗೆ ಬೇರು ಬರಿಸಿ, ಅದೇ ಮರದ ಪ್ರತಿರೂಪಗಳನ್ನು ಬೆಳೆಸುವುದು. ಭದ್ರಾಚಲದ ರಸ್ತೆಯಲ್ಲಿ ಪ್ರಯಾಣ ಮಾಡಿದವರು ನೋಡಿರಬಹುದು: ದಾರ ಹಿಡಿದು ನೆಟ್ಟಂಥ ಸಾಲು, ಒಂದೇ ಗಾತ್ರ, ಒಂದೇ ಎತ್ತರ. ಸಾವಿರ ಮರಗಳೆಂದು ನಾವು ಎಣಿಸುವಲ್ಲಿ ಅಲ್ಲಿ ನಿಂತಿರುವುದು ಒಂದೇ ಮರ.

ಇಷ್ಟು ಸಮೃದ್ಧಿಯನ್ನು ಕಂಡವರಿಗೆ ಈ ಕುಲದಲ್ಲಿ ಅಳಿವಿನಂಚಿನ ಪ್ರಭೇದವೂ ಇದೆಯೆಂಬ ಮಾತು ಸೋಜಿಗವಾಗಿ ತೋರುತ್ತದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಪ್ರಾಂತದಲ್ಲಿ, ಬ್ರೇಡ್‌ವುಡ್ ಎಂಬ ಊರಿನ ಸುತ್ತಣ ತಣ್ಣನೆಯ ಎತ್ತರದ ಪ್ರದೇಶದಲ್ಲಿ, ಮೊಂಗಾರ್ಲೋ ಮ್ಯಾಲಿ ಎಂಬ ಗಿಡವೊಂದುಂಟು. ಶಾಸ್ತ್ರೀಯ ನಾಮ ಯೂಕಲಿಪ್ಟಸ್ ರಿಕರ್ವ. 1985ರಲ್ಲಿ ಕಂಡ ಇದನ್ನು 1988ರಲ್ಲಿ ಮೈಕೆಲ್ ಕ್ರಿಸ್ಪ್ ಎಂಬ ವಿದ್ವಾಂಸರು ಹೊಸ ಪ್ರಭೇದವೆಂದು ವರ್ಣಿಸಿದರು. ಇಡೀ ಭೂಮಂಡಲದ ಕಾಡುಗಳಲ್ಲಿ ಇದರ ಸಂಖ್ಯೆ ಎಷ್ಟೆಂದು ಬಲ್ಲಿರಾ? ಹತ್ತನ್ನೂ ಮುಟ್ಟದು, ಎಣಿಸಲು ಎರಡು ಕೈಗಳ ಬೆರಳುಗಳು ಹೆಚ್ಚಾಗುತ್ತವೆ.

ನಮ್ಮ ಗಗನಚುಂಬಿ ನೀಲಗಿರಿಯನ್ನು ನೆನೆದು ಇದನ್ನು ಊಹಿಸಿಕೊಳ್ಳಬೇಡಿ. ಇದು ಆಳುದ್ದದ, ಹೆಚ್ಚೆಂದರೆ ಎರಡಾಳುದ್ದದ ಪೊದೆ. ನಮ್ಮ ಮರದ ಎಲೆ ಕುಡುಗೋಲಿನಂತೆ ಉದ್ದವಾಗಿ ಜೋತಾಡಿದರೆ, ಇದರ ಹೊಳಪಾದ ಪುಟ್ಟ ಎಲೆಗಳು ಎದುರುಬದುರಾಗಿ ಹುಟ್ಟಿ ತುದಿಯಲ್ಲಿ ಹಿಂದಕ್ಕೆ ಬಾಗಿರುತ್ತವೆ. ಆದರೆ ಇದರ ಆಯುಷ್ಯವಿರುವುದು ಮಣ್ಣಿನ ಕೆಳಗೆ. ಅಲ್ಲಿ ಗೆಡ್ಡೆಯಂಥ ಕಟ್ಟಿಗೆಯ ಬುಡವೊಂದು ಅಡಗಿದ್ದು, ಬೆಂಕಿಯೋ ಬರವೋ ಮೇಲಿನ ಕಾಂಡಗಳನ್ನು ಕೊಂದಾಗಲೆಲ್ಲ ಹೊಸ ಕಾಂಡಗಳನ್ನು ಎತ್ತುತ್ತದೆ. ಇವುಗಳಲ್ಲಿ ಕೆಲವಕ್ಕೆ ಸಾವಿರಾರು ವರ್ಷಗಳ ವಯಸ್ಸೆಂದು ಬಲ್ಲವರು ಅಂದಾಜು ಮಾಡುತ್ತಾರೆ; ಆದುದರಿಂದಲೇ ಇದಕ್ಕೆ ಹಿಮಯುಗದ ಮರವೆಂಬ ಅಡ್ಡಹೆಸರು. ಗೋಲ್ಕೊಂಡದ ಕೋಟೆಗೆ ಮೊದಲ ಕಲ್ಲನ್ನಿಡುವ ಎಷ್ಟೋ ಶತಮಾನಗಳ ಮುಂಚೆ ಚಿಗುರಿದ ಜೀವ ಇಂದಿಗೂ ಚಿಗುರುತ್ತಿದೆ!

ಅದಕ್ಕೆ ಸಾವು ಬಂದಿಲ್ಲ. ಸಂತಾನ ಮಾತ್ರ ಇಲ್ಲ. ಇರುವ ಬೆರಳೆಣಿಕೆಯ ಗಿಡಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಮೈಲಿಗಳ ಅಂತರ. ಅಷ್ಟು ದೂರ ಪರಾಗವನ್ನು ಹೊರುವ ಹುಳು ಯಾವುದು? ಪ್ರತಿಯೊಂದು ಗಿಡವೂ ಋತು ಬಂದಾಗ ಮುಚ್ಚಳ ಕಳಚಿ, ಕೇಸರಗಳನ್ನು ಹರಡಿ, ಬಾರದ ಬಂಧುವಿಗಾಗಿ ಕಾದು, ಹೂವುದುರಿಸುತ್ತದೆ. ಅದರ ಬುಡದಲ್ಲಿ ಎಳೆಯ ಸಸಿಗಳಿಲ್ಲ. ಮೊದಲಬಾರಿ ಇದನ್ನೋದಿದ ದಿನ ನನಗೆ ನಂದಿಯ ತೋಟ ನೆನಪಾಯಿತು. ಅಲ್ಲಿ ಮಾಡಿದ್ದೇನು? ಬೀಜಗಳನ್ನು ಒಂದೆಡೆ ನೆಟ್ಟದ್ದು, ಅಷ್ಟೇ. ಮಿಕ್ಕುದನ್ನು ಜೇನ್ನೊಣ ಮಾಡಿತು. ಆ ನೆರೆಯ ಭಾಗ್ಯದಿಂದ ಒಂದು ಸಂತತಿ ದಖನಿನ ಬಯಲನ್ನೆಲ್ಲ ತುಂಬಿತು. ನೆರೆಯಿಲ್ಲದೆ ಅದೇ ಕುಲದ ಹಿರಿಯ ಜೀವವೊಂದು ವಂಶವಿಲ್ಲದೆ ನಿಂತಿತು. ಆಯುಸ್ಸು ಎಷ್ಟು ದೊಡ್ಡದಾದರೂ ಪಕ್ಕದಲ್ಲೊಬ್ಬರಿಲ್ಲದಿದ್ದರೆ ಬಾಳು ಮುಂದುವರಿಯಲಾರದೆಂಬುದನ್ನು, ತವರೂರು ಬಿಟ್ಟು ಪರಭಾಷೆಯ ನಗರದಲ್ಲಿ ಮನೆ ಕಟ್ಟಿದ ನಾನು ಬಲ್ಲೆ.

ಈಚೆಗೆ ಆ ದೇಶದ ಸಸ್ಯಪಾಲಕರು ಜೇನ್ನೊಣದ ಕೆಲಸವನ್ನು ತಾವೇ ಕೈಗೊಂಡಿದ್ದಾರೆ. ಒಂದು ಗಿಡದ ಪರಾಗವನ್ನು ಜೋಪಾನವಾಗಿ ಕೊಂಡೊಯ್ದು, ದೂರದ ಇನ್ನೊಂದರ ಹೂವಿಗೆ ಕೈಯಾರೆ ಮುಟ್ಟಿಸುವ ಯತ್ನ ನಡೆದಿದೆ. ಸಾವಿರಾರು ವರ್ಷ ಕಾದ ಗಿಡಕ್ಕೆ ಕೊನೆಗೂ ಒಂದು ಬೀಗತನದ ಸುದ್ದಿ ಬಂದಂತಾಯಿತು.

ಮೊನ್ನೆ ನಮ್ಮ ಮನೆಯ ಮಗುವಿಗೆ ಶೀತವಾಗಿ, ಸೀಸೆ ಬರಿದಾಗಿದ್ದಿತು. ಗೋಡೆಯಾಚೆಯ ಅಜ್ಜಿ ವಿಷಯ ತಿಳಿದವರೇ ತಮ್ಮ ಸೀಸೆಯನ್ನು ಗೋಡೆಯ ಮೇಲಿಂದ ನೀಡಿದರು. ಮುಚ್ಚಳ ತೆಗೆದೆನು; ನಂದಿಬೆಟ್ಟದ ಆ ಬೆಳಗು ಬಂದಿತು, ಅದರ ಬೆನ್ನಿಗೆ, ನಾನೆಂದೂ ಕಾಣದ ಬ್ರೇಡ್‌ವುಡ್ಡಿನ ಆ ಒಂಟಿ ಪೊದೆಯೂ ಬಂದಿತು.