ಜೋಗದ ನೀರು, ಪೀಣ್ಯದ ಲೇತ್

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕರು ಮಾಡಿದ ಭಾಷಣ)



ನನಗೆ ಕೊಟ್ಟಿರುವ ವಿಷಯ 'ನಮ್ಮ ದೇಶದ ಆರ್ಥಿಕತೆ ಮತ್ತು ಪ್ರವಾಸೋದ್ಯಮ'. ತರಗತಿಯಲ್ಲಿ ಇದನ್ನು ನಾನು ಎರಡೇ ಸಾಲಿನಲ್ಲಿ ಬರೆಸುತ್ತಿದ್ದೆ. ಪ್ರವಾಸೋದ್ಯಮದಿಂದ ವಿದೇಶಿ ವಿನಿಮಯ ಬರುತ್ತದೆ. ಸ್ಥಳೀಯರಿಗೆ ಉದ್ಯೋಗ ಸಿಗುತ್ತದೆ. ಎರಡು ಅಂಕ. ಉತ್ತರ ತಪ್ಪಲ್ಲ. 1991ರಲ್ಲಿ ದೇಶ ಚಿನ್ನ ಅಡವಿಟ್ಟು ಡಾಲರ್ ತಂದದ್ದನ್ನು ನೋಡಿದವರಿಗೆ, ಹಂಪಿ ನೋಡಲು ಬರುವ ಪರದೇಶದವನ ಜೇಬಿನ ಬೆಲೆ ಗೊತ್ತು. ಹಂಪಿ 1986ರಲ್ಲೇ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ಸೇರಿದವು. ಇದೆಲ್ಲ ನಿಮ್ಮ ಪುಸ್ತಕದಲ್ಲೇ ಸಿಗುತ್ತದೆ. ನಾನು ಜೋಗದ ವಿಷಯ ಹೇಳುತ್ತೇನೆ, ಏಕೆಂದರೆ ಈ ಪಾಠ ನನಗೇ ಅರ್ಥವಾದದ್ದು ಅಲ್ಲಿ.

ಒಂದು ವರ್ಷ ಡಿಸೆಂಬರಿನಲ್ಲಿ ಮಕ್ಕಳನ್ನು ಜೋಗಕ್ಕೆ ಕರೆದುಕೊಂಡು ಹೋಗಿದ್ದೆವು. ದಾರಿಯುದ್ದಕ್ಕೂ ನಾನು ರಾಜಾ, ರಾಣಿ, ರೋರರ್, ರಾಕೆಟ್ ಎಂದು ವರ್ಣಿಸಿದ್ದೇ ವರ್ಣಿಸಿದ್ದು. ಇಳಿದು ನೋಡಿದರೆ 253 ಮೀಟರ್ ಎತ್ತರದ ಬಂಡೆಯ ಮೇಲೆ ಎರಡು ಮೂರು ಬಿಳಿ ಎಳೆ. ಒಬ್ಬ ಹುಡುಗ ಕಂಬಿ ಹಿಡಿದು ನಿಂತು, "ಇಷ್ಟೇನಾ ಸಾರ್? ನೀರೆಲ್ಲಾ ಎಲ್ಲಿಗೆ ಹೋಯ್ತು?" ಅಂದ. ಅವರಪ್ಪ ಪೀಣ್ಯದಲ್ಲಿ ಲೇತ್ ಓಡಿಸುತ್ತಿದ್ದರು. "ನಿಮ್ಮಪ್ಪನ ಶೆಡ್ಡಿಗೆ ಹೋಗಿದೆ ಕಣೋ" ಅಂದೆ. ಎಲ್ಲರೂ ನಕ್ಕರು. ತಮಾಷೆಗೆ ಹೇಳಿದ ಮಾತಾಗಿರಲಿಲ್ಲ ಅದು.

ಶರಾವತಿ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಸಮುದ್ರ ಸೇರುವ ಪುಟ್ಟ ನದಿ. ಜೋಗಕ್ಕಿಂತ ಸ್ವಲ್ಪ ಮೇಲೆ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅಲ್ಲಿಂದ ನೀರು ತಳಕಳಲೆ ಜಲಾಶಯಕ್ಕೆ ಹೋಗಿ, ಕೊಳವೆಗಳಲ್ಲಿ ಘಟ್ಟ ಇಳಿದು ಶರಾವತಿ ವಿದ್ಯುದಾಗಾರದ ಟರ್ಬೈನ್ ತಿರುಗಿಸುತ್ತದೆ. ಅಂದರೆ ಜಲಪಾತವನ್ನು ಬಳಸಿಕೊಂಡು ಪಕ್ಕದ ದಾರಿಯಲ್ಲಿ ಇಳಿಯುತ್ತದೆ. ಆ ಕೇಂದ್ರದ ಸಾಮರ್ಥ್ಯ 1,035 ಮೆಗಾವ್ಯಾಟ್. 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಕೇಂದ್ರ ಶುರುವಾಗುವವರೆಗೆ ನಮ್ಮ ರಾಜ್ಯದ ಕರೆಂಟೆಲ್ಲ ಹೆಚ್ಚುಕಡಿಮೆ ನೀರಿನದೇ. ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆದದ್ದೂ ಆ ಕಾಲದಲ್ಲೇ. ಸಾಗರದ ಕಡೆ ಮಳೆ ಕೈಕೊಟ್ಟರೆ ಇಲ್ಲಿ ಯಂತ್ರಗಳು ನಿಲ್ಲುತ್ತಿದ್ದವು. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1,819 ಅಡಿ. ಪತ್ರಿಕೆಯಲ್ಲಿ ಆ ಮಟ್ಟ ಇಂದು ಎಷ್ಟಿದೆ ಎಂದು ನೋಡಿ ನಿಟ್ಟುಸಿರು ಬಿಡುತ್ತಿದ್ದ ಶೆಡ್ ಮಾಲೀಕರು ಇಲ್ಲಿ ಕೂತಿರಬಹುದು.

ಇದು ಹೊಸ ಕಥೆಯೇನಲ್ಲ. 1902ರಲ್ಲಿ ಶಿವನಸಮುದ್ರದ ಕಾವೇರಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕೊಟ್ಟಳು, 1905ರಲ್ಲಿ ಬೆಂಗಳೂರಿಗೆ ದೀಪ ಹಚ್ಚಿದಳು. ಬಡ ದೇಶ ಎದ್ದು ನಿಲ್ಲಬೇಕಾದಾಗ ಸೊಬಗನ್ನೂ ದುಡಿಮೆಗೆ ಹಚ್ಚುತ್ತದೆ. ಅದನ್ನು ತಪ್ಪು ಎನ್ನುವ ಧೈರ್ಯ ನನಗಿಲ್ಲ. ಆ ಕರೆಂಟಿನ ಬೆಳಕಿನಲ್ಲೇ ನಾನು ಓದಿದವನು.

ಆದರೆ ಲೆಕ್ಕದ ಇನ್ನೊಂದು ಪುಟವನ್ನೂ ನೋಡಬೇಕು. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಊರುಗಳು, ಅಡಿಕೆ ತೋಟಗಳು, ಗದ್ದೆಗಳು ಮುಳುಗಿದವು. ಮನೆಮಠ ಬಿಟ್ಟು ಎದ್ದ ಕುಟುಂಬಗಳಲ್ಲಿ ಎಷ್ಟೋ ಜನ ಈಗಲೂ, ಅರವತ್ತು ವರ್ಷಗಳ ಮೇಲೂ, ಉಳುಮೆ ಮಾಡುತ್ತಿರುವ ಜಮೀನಿನ ಹಕ್ಕುಪತ್ರಕ್ಕಾಗಿ ಹೋರಾಡುತ್ತಿದ್ದಾರೆ. ಸಿಗಂದೂರಿನ ಕಡೆಯವರು ಹಿನ್ನೀರು ದಾಟಲು ಲಾಂಚ್ ಕಾಯುತ್ತಿದ್ದರು. ರಾತ್ರಿ ಹೆರಿಗೆ ನೋವು ಬಂದರೆ ಏನು ಮಾಡಬೇಕು, ನೀವೇ ಯೋಚಿಸಿ. ಅಲ್ಲಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈನಲ್ಲಿ.

ವಿದ್ಯುತ್ ತಂತಿಯಲ್ಲಿ ಬೆಂಗಳೂರಿಗೆ ತಾನಾಗಿ ಬರುತ್ತದೆ. ಅಲ್ಲಿಗೆ ತಿರುಗಿ ಹೋಗುವುದು ಏನು? ಸರ್ಕಾರದ ಅನುದಾನದ ಮಾತು ಬೇರೆ. ಸಾಮಾನ್ಯನ ಕೈಗೆ ನೇರವಾಗಿ ತಲುಪುವ ದುಡ್ಡು ಎಂದರೆ ಪ್ರವಾಸಿ ಕೊಡುವುದೇ. ಸಾಗರದ ಆಟೋದವರು, ತಾಳಗುಪ್ಪದ ಹೋಟೆಲಿನವರು, ಜೋಗದಲ್ಲಿ ಅನಾನಸ್ ಹೋಳಿಗೆ ಉಪ್ಪು ಖಾರ ಹಚ್ಚಿ ಮಾರುವ ಹೆಂಗಸರು, ಇವರ ಜೇಬಿಗೆ ನಾವು ಹಾಕುವ ಐವತ್ತು ನೂರು ರೂಪಾಯಿ ವಿದೇಶಿ ವಿನಿಮಯ ಅಲ್ಲ. ಪುಸ್ತಕದ ಆ ಸಾಲಿಗೆ ಅದು ಲೆಕ್ಕಕ್ಕಿಲ್ಲ. ಆದರೂ ಸಾಲ ಮಾಡಿದ ಊರಿನಿಂದ ಸಾಲ ಕೊಟ್ಟ ಊರಿಗೆ ಹೋಗುವ ಹಣ ಅದು. ಅಂದಿನ ಪ್ರವಾಸದಲ್ಲಿ ನಾವು ಮಾಡಿದ್ದೇನು ಗೊತ್ತೇ? ಖರ್ಚು ಉಳಿಸಲು ಪುಳಿಯೋಗರೆಯನ್ನು ಇಲ್ಲಿಂದಲೇ ಕಟ್ಟಿಸಿಕೊಂಡು ಹೋಗಿದ್ದೆವು. ತಿಂದ ಎಲೆಗಳನ್ನು ಮಾತ್ರ ಜೋಗದಲ್ಲಿ ಬಿಟ್ಟು ಬಂದೆವು.

ವರ್ಷವಿಡೀ ಜಲಪಾತ ಧುಮ್ಮಿಕ್ಕುವಂತೆ ನೀರು ಹರಿಸಬೇಕು ಎಂಬ ಪ್ರಸ್ತಾಪ ಹಿಂದೆ ಬಂದಿತ್ತು. ನನಗದು ಹಿಡಿಸಲಿಲ್ಲ, ಮಳೆಗಾಲದ ಹಬ್ಬವನ್ನು ಮಳೆಗಾಲದಲ್ಲೇ ನೋಡಬೇಕು. ಈಗಿನ ದೊಡ್ಡ ಚರ್ಚೆ ಶರಾವತಿ ಕಣಿವೆಯ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ. ಕರೆಂಟಿಗೆ ಬೇಡಿಕೆ ಕಡಿಮೆ ಇರುವಾಗ ನೀರನ್ನು ಮೇಲಕ್ಕೆತ್ತಿ, ಬೇಡಿಕೆ ಹೆಚ್ಚಿದಾಗ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವ ಏರ್ಪಾಡು. ಆ ಕಾಡು ಸಿಂಗಳೀಕಗಳ ಅಭಯಾರಣ್ಯ. ಆ ಕರೆಂಟು ಯಾರಿಗೆ ಬೇಕು? ನಮ್ಮ ಮನೆಯ ಗೀಸರ್, ನಮ್ಮ ಕಾರ್ಖಾನೆ, ನಮ್ಮ ಮೆಟ್ರೋ. ಪರ ವಿರೋಧ ಮಾತಾಡುವ ಮೊದಲು ಇಲ್ಲಿನ ಒಂಬತ್ತನೇ ತರಗತಿಯ ಮಕ್ಕಳು ಆ ಕಣಿವೆಯನ್ನು ಒಮ್ಮೆ ನೋಡಿರಬೇಕು ಎಂಬುದು ನನ್ನ ಆಸೆ. ಹಳೆಯ ವಿದ್ಯಾರ್ಥಿಗಳ ಸಂಘದವರು ಶಾಲೆಗೆ ಏನು ಕೊಡುಗೆ ಕೊಡೋಣ ಎಂದು ಬೆಳಿಗ್ಗೆ ಕೇಳಿದರು. ಒಂದು ಬಸ್ಸಿನ ಬಾಡಿಗೆ ಕೊಡಿ ಅಂದೆ. ಆಗಸ್ಟ್ ತಿಂಗಳಲ್ಲಿ ಹೋಗಲಿ, ಮಧ್ಯಾಹ್ನದ ಊಟ ತಾಳಗುಪ್ಪದಲ್ಲಿ ಮಾಡಲಿ. ಒಪ್ಪಿದ್ದಾರೆ. ಆ ಹುಡುಗ ಈಗ ತನ್ನದೇ ಶೆಡ್ ನಡೆಸುತ್ತಾನೆ, ಮೂರನೇ ಸಾಲಿನಲ್ಲಿ ಕೂತಿದ್ದಾನೆ. ಅರ್ಧ ಬಾಡಿಗೆ ನನ್ನದು ಎಂದು ಕೈ ಎತ್ತಿದವನು ಅವನೇ.